ಫೀಡ್ ರೀಡರ್‌ಗೆ ಏನು ಸೇರಿಸಬೇಕು, ಏನು ಬಿಡಬೇಕು

ಮೆಚ್ಚಿದ ತಾಣಗಳ ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತಂದು ತೋರಿಸುವ ಫೀಡ್ ರೀಡರ್ ಹಾಕಿಕೊಂಡವರಲ್ಲಿ ಬಹಳಷ್ಟು ಮಂದಿ ಕೆಲವೇ ದಿನಗಳಲ್ಲಿ ಅದನ್ನು ತೆರೆಯುವುದನ್ನೇ ಬಿಡುತ್ತಾರೆ. ಕಾರಣ ಹೆಚ್ಚುಕಡಿಮೆ ಒಂದೇ: ಮೊದಲ ದಿನವೇ ನಾಲ್ಕು ದಿನಪತ್ರಿಕೆಗಳ ಮುಖಪುಟದ ಫೀಡ್ ಸೇರಿಸಿರುತ್ತಾರೆ. ಮರುದಿನ ಬೆಳಗ್ಗೆ ನೋಡಿದರೆ ಓದದೆ ಉಳಿದವು ನೂರಾರು. ಒಂದೇ ಅಪಘಾತ ನಾಲ್ಕು ಕಡೆ, ಒಂದೇ ಪಂದ್ಯದ ವರದಿ ಗಂಟೆಗೊಂದು. ನಿಜಕ್ಕೂ ಬೇಕಿದ್ದ ಒಂದು ಸಂಶೋಧನಾ ಪ್ರಬಂಧ ಅಷ್ಟರ ನಡುವೆ ಹೂತುಹೋಗಿರುತ್ತದೆ.

ದಿನಪತ್ರಿಕೆಯ ಮುಖಪುಟಕ್ಕೆ ಫೀಡ್ ಬೇಡ. ಅಲ್ಲಿ ಬಂದದ್ದು ಹೇಗೂ ಕಣ್ಣಿಗೆ ಬಿದ್ದೇ ಬೀಳುತ್ತದೆ, ವಾಟ್ಸ್‌ಆ್ಯಪ್‌ನಲ್ಲಾದರೂ. ಫೀಡ್ ಬೇಕಿರುವುದು ಅಪರೂಪಕ್ಕೆ ಬರೆಯುವವರಿಗೆ: ಎರಡು ತಿಂಗಳಿಗೊಂದು ಬರಹ ಹಾಕುವ ಬ್ಲಾಗು, ಮೂರು ತಿಂಗಳಿಗೊಂದು ಸಂಚಿಕೆ ತರುವ ಜರ್ನಲ್ಲು, ಯಾವತ್ತು ಹೊರಡುತ್ತದೋ ಯಾರಿಗೂ ತಿಳಿಯದ ಸುತ್ತೋಲೆ, ಜಗತ್ತಿನಲ್ಲಿ ಕೆಲವೇ ಜನ ಕೆಲಸ ಮಾಡುತ್ತಿರುವ ಸಣ್ಣ ಸಂಶೋಧನಾ ವಿಷಯ. ಇಂಥವನ್ನು ದಿನಾ ಹೋಗಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸೋಷಿಯಲ್ ಮೀಡಿಯಾದ ಲೆಕ್ಕಾಚಾರವೂ ಇವನ್ನು ಮೇಲೆ ತರುವುದಿಲ್ಲ. ಮೊದಲು ಇಂಥ ಇಪ್ಪತ್ತು ಮೂಲಗಳನ್ನು ಸೇರಿಸಿ. ಅವು ನೆಲೆನಿಂತ ಮೇಲೆ ಸುದ್ದಿಯ ಕಡೆ ಹೋಗಬಹುದು.

ಫೀಡ್ ಎಂದರೆ ಜಾಲತಾಣವೊಂದು ತನ್ನ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ಸಾರಾಂಶ, ದಿನಾಂಕಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಬರೆದಿಡುವ ಒಂದು ಕಡತ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಆರ್.ವಿ. ಗುಹಾ ಮತ್ತು ಡ್ಯಾನ್ ಲಿಬ್ಬಿ ಇದರ ಒಂದು ಬಗೆಯಾದ ಆರ್‌ಎಸ್‌ಎಸ್‌ನ ಮೊದಲ ರೂಪ ಕಟ್ಟಿದರು. ಈಗ ಎಲ್ಲೆಡೆ ಕಾಣುವುದು 2002ರ ಆರ್‌ಎಸ್‌ಎಸ್ 2.0 ಮತ್ತು 2005ರ ಆಟಮ್. ಓದುಗನಿಗೆ ಎರಡರ ವ್ಯತ್ಯಾಸ ಲೆಕ್ಕಕ್ಕಿಲ್ಲ, ಎಲ್ಲ ರೀಡರ್‌ಗಳೂ ಎರಡನ್ನೂ ಓದುತ್ತವೆ. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ, 2018ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 64 ತನ್ನೊಳಗಿನ ಫೀಡ್ ಸೌಲಭ್ಯ ಕಿತ್ತುಹಾಕಿದಾಗ ಫೀಡ್ ಸತ್ತೇ ಹೋಯಿತು ಎಂದವರಿದ್ದರು. ಆದರೆ ಪಾಡ್‌ಕಾಸ್ಟ್‌ಗಳು ಬಹುತೇಕ ಇಂದಿಗೂ ಓಡುತ್ತಿರುವುದು ಆರ್‌ಎಸ್‌ಎಸ್ ಮೇಲೆಯೇ. (ಹುಡುಕುವಾಗ ಬರೀ ‘ಆರ್‌ಎಸ್‌ಎಸ್’ ಎಂದು ಹೊಡೆದರೆ ನಾಗಪುರಕ್ಕೆ ಹೋಗಿ ನಿಲ್ಲುತ್ತೀರಿ, ಜೊತೆಗೆ ‘ಫೀಡ್’ ಎಂದು ಸೇರಿಸಿ.)

ವಿಳಾಸ ಹುಡುಕುವುದು

ಬಹುತೇಕ ರೀಡರ್‌ಗಳಿಗೆ ತಾಣದ ವಿಳಾಸ ಕೊಟ್ಟರೆ ಸಾಕು, ಫೀಡನ್ನು ಅವೇ ಹುಡುಕಿಕೊಳ್ಳುತ್ತವೆ. ಸಿಗದಿದ್ದರೆ ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ. ಪುಟದ ಮೂಲಸಂಕೇತ ಬರುತ್ತದೆ. ಅದರಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಆರ್‌ಎಸ್‌ಎಸ್ ಎಂದು, ಸಿಗದಿದ್ದರೆ ಆಟಮ್ ಎಂದು ಹುಡುಕಿ. ತಲೆಭಾಗದಲ್ಲಿ ‘ಆಲ್ಟರ್ನೇಟ್’ ಎಂಬ ಗುರುತಿನ ಸಾಲು ಕಂಡರೆ ಅದರಲ್ಲಿರುವ ಕೊಂಡಿಯೇ ಫೀಡ್.

ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಕಟ್ಟಿದ ತಾಣಗಳಲ್ಲಿ ಇಂಥ ಸಾಲು ಒಂದಕ್ಕಿಂತ ಹೆಚ್ಚಿರುತ್ತದೆ: ಬರಹಗಳದ್ದೊಂದು, ಎಲ್ಲ ಪ್ರತಿಕ್ರಿಯೆಗಳದ್ದೊಂದು, ಬಿಡಿ ಬರಹದ ಪುಟದಲ್ಲಿದ್ದರೆ ಆ ಬರಹದ ಪ್ರತಿಕ್ರಿಯೆಗಳದ್ದು ಮತ್ತೊಂದು. ತಪ್ಪಿ ಮೂರನೆಯದನ್ನು ಸೇರಿಸಿಕೊಂಡು ‘ಈ ಬ್ಲಾಗಿನವರು ಬರೆಯುವುದನ್ನೇ ನಿಲ್ಲಿಸಿದ್ದಾರೆ’ ಅಂದುಕೊಳ್ಳುವವರು ಕಡಿಮೆಯಿಲ್ಲ. ವರ್ಡ್‌ಪ್ರೆಸ್ ಆದರೆ ತಾಣದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಆಯಿತು. ವಿಭಾಗವೊಂದರ ಪುಟಕ್ಕೂ ಹೀಗೇ ಮಾಡಬಹುದು. ಆಗ ಆ ವಿಭಾಗದ ಬರಹಗಳಷ್ಟೇ ಬರುತ್ತವೆ. ಹಳೆಯ ಕನ್ನಡ ಬ್ಲಾಗುಗಳು ಬಹಳಷ್ಟು ಬ್ಲಾಗರ್‌ನಲ್ಲಿವೆ. ಅಲ್ಲಿ ಕೊನೆಗೆ ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’ ಎಂಬ ಮೂರು ಪದ, ನಡುವೆ ಓರೆಗೆರೆ. ಒಂದೇ ಲೇಬಲ್ ಸಾಕಿದ್ದರೆ ‘ಡಿಫಾಲ್ಟ್’ ಆದ ಮೇಲೆ ಓರೆಗೆರೆ, ಅಡ್ಡಗೀಟು, ಓರೆಗೆರೆ ಹಾಕಿ ಲೇಬಲ್ ಬರೆಯಿರಿ. ಲೇಬಲ್ ಕನ್ನಡದಲ್ಲಿದ್ದರೂ ನಡೆಯುತ್ತದೆ. ನಕಲು ಮಾಡಿ ಅಂಟಿಸಿದಾಗ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳಿರುವ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ, ಗಾಬರಿ ಬೇಡ.

ಯೂಟ್ಯೂಬ್ ಚಾನೆಲ್‌ಗೂ ಫೀಡ್ ಇದೆ, ಕೊನೆಯ 15 ವೀಡಿಯೊಗಳದ್ದು. ಚಾನೆಲ್ ಪುಟದ ವಿಳಾಸ ಕೊಟ್ಟರೆ ಒಳ್ಳೆಯ ರೀಡರ್‌ಗಳು ತಾವೇ ಹಿಡಿಯುತ್ತವೆ. ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ ಆಟಮ್ ಫೀಡ್ ಉಂಟು. ಕನ್ನಡ ವಿಕಿಪೀಡಿಯದಲ್ಲಿ ನೀವು ಕಟ್ಟಿದ ಲೇಖನವನ್ನು ಯಾರಾದರೂ ತಿದ್ದಿದರೆ ಗೊತ್ತಾಗಲು ಅದು ಸಾಕು.

ಫೀಡಿನ ಗಿಡ್ಡ ನೆನಪು

ರೀಡರ್ ಆರಿಸುವ ಮೊದಲು ತಿಳಿಯಬೇಕಾದ ಒಂದು ಸಂಗತಿ: ಫೀಡಿನಲ್ಲಿ ಹಳೆಯದು ಉಳಿಯುವುದಿಲ್ಲ. ವರ್ಡ್‌ಪ್ರೆಸ್ ತಾನಾಗಿ ಇಡುವುದು ಕೊನೆಯ 10 ಬರಹಗಳನ್ನು. ಸುದ್ದಿತಾಣದ ಫೀಡಿನಲ್ಲಿ 20 ಇದ್ದು, ಅವರು ಗಂಟೆಗೆ ಹತ್ತು ಸುದ್ದಿ ಹಾಕುತ್ತಾರೆ ಎನ್ನಿ. ನಿಮ್ಮ ರೀಡರ್ ದಿನಕ್ಕೊಮ್ಮೆ ನೋಡಿದರೆ ಸಿಗುವುದು ಕೊನೆಯ ಎರಡು ಗಂಟೆಯದ್ದು ಮಾತ್ರ. ಉಳಿದದ್ದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಆದ್ದರಿಂದ ಲ್ಯಾಪ್‌ಟಾಪ್ ತೆರೆದಾಗ ಮಾತ್ರ ಓಡುವ ರೀಡರ್‌ಗೂ ಇಡೀ ದಿನ ಓಡುವ ಸರ್ವರ್ ರೀಡರ್‌ಗೂ ದೊಡ್ಡ ಅಂತರವಿದೆ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್ ಮುಂತಾದವು ಅವರ ಸರ್ವರ್‌ನಲ್ಲಿ ಹಗಲೂ ರಾತ್ರಿ ನೋಡುತ್ತಿರುತ್ತವೆ. ಉಚಿತ ಖಾತೆಗೆ ಇಷ್ಟೇ ಫೀಡ್ ಎಂಬ ಮಿತಿ ಇರುತ್ತದೆ, ಅಪರೂಪದ ಮೂಲಗಳಿಂದ ಆರಂಭಿಸುವವರಿಗೆ ಆ ಮಿತಿ ಧಾರಾಳವೇ. ಸ್ವಂತ ಸರ್ವರ್ ಇಟ್ಟುಕೊಳ್ಳುವವರಿಗೆ ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್ ಇವೆ. ಮನೆಯ ಮೂಲೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೇ ಸಾಕಾಗುತ್ತದೆ. ಫ್ರೆಶ್‌ಆರ್‌ಎಸ್‌ಎಸ್ ಹಾಕಿದವರು ಮರೆಯುವುದು ಕ್ರಾನ್ ಸಾಲು, ಅಂದರೆ ಇಂತಿಷ್ಟು ಹೊತ್ತಿಗೊಮ್ಮೆ ಫೀಡ್ ನೋಡು ಎಂದು ಸರ್ವರ್‌ಗೆ ಹೇಳುವ ಸಾಲು. ಅದಿಲ್ಲದಿದ್ದರೆ ನೀವು ಪುಟ ತೆರೆದು ಕೈಯಾರೆ ರಿಫ್ರೆಶ್ ಒತ್ತಿದಾಗ ಮಾತ್ರ ಫೀಡ್ ಹೊಸದಾಗುತ್ತದೆ, ಸರ್ವರ್ ಇದ್ದೂ ಪ್ರಯೋಜನವಿಲ್ಲ. ಅರ್ಧ ಗಂಟೆಗೊಮ್ಮೆ ಸಾಕು. ಐದು ನಿಮಿಷಕ್ಕೊಮ್ಮೆ ಬಾಗಿಲು ಬಡಿದರೆ ಕೆಲವು ತಾಣಗಳು 429 ಎಂಬ ಉತ್ತರ ಕೊಟ್ಟು ತಡೆಯುತ್ತವೆ. ಫೋನಿನಲ್ಲಷ್ಟೇ ಓದುವವರಿಗೆ ಆಂಡ್ರಾಯ್ಡ್‌ನ ಫೀಡರ್, ಆ್ಯಪಲ್‌ನ ನೆಟ್‌ನ್ಯೂಸ್‌ವೈರ್ ಚೆನ್ನಾಗಿವೆ, ಎರಡೂ ಉಚಿತ. ಆದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಅವನ್ನು ಹಿನ್ನೆಲೆಯಲ್ಲಿ ಓಡಲು ಬಿಡದಿದ್ದರೆ ಮೇಲೆ ಹೇಳಿದ ತೊಂದರೆಯೇ ಬರುತ್ತದೆ.

ಸಂಶೋಧನೆಯ ಫೀಡುಗಳು

ಒಂದು ವಿಷಯವನ್ನೇ ಹಿಡಿದು ನೋಡೋಣ: ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗದ ಮೇಲೆ ಪ್ರಬಂಧಗಳು ಬರುವುದು ಬಿಡಿಬಿಡಿಯಾಗಿ, ಬೇರೆಬೇರೆ ಜರ್ನಲ್‌ಗಳಲ್ಲಿ. ಯಾವ ಒಂದು ಜರ್ನಲ್ ಹಿಂಬಾಲಿಸಿದರೂ ಎಲ್ಲ ಸಿಗುವುದಿಲ್ಲ. ಇಂಥಲ್ಲಿ ಬೇಕಿರುವುದು ಹುಡುಕಾಟದ ಫೀಡ್.

ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಮೊದಲು ಹುಡುಕಿ, ಫಲಿತಾಂಶ ಸರಿಯಾಗಿದೆಯೇ ನೋಡಿ, ಆಮೇಲೆ ಹುಡುಕು ಪೆಟ್ಟಿಗೆಯ ಕೆಳಗಿರುವ ‘ಕ್ರಿಯೇಟ್ ಆರ್‌ಎಸ್‌ಎಸ್’ ಒತ್ತಿ. ಹೆಸರು ಕೊಡಿ, ಎಷ್ಟು ಪ್ರಬಂಧ ಎಂಬಲ್ಲಿ 100 ಆರಿಸಿ, ಬಂದ ವಿಳಾಸವನ್ನು ರೀಡರ್‌ಗೆ ಅಂಟಿಸಿ. ಹುಡುಕು ಪದ ಆರಿಸುವುದರಲ್ಲಿ ಎಡವುವ ಜಾಗ ಎರಡಿವೆ. ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂಬ ಸಂಕ್ಷೇಪವನ್ನಷ್ಟೇ ಕೊಟ್ಟರೆ ಕಿಕುಚಿ-ಫುಜಿಮೊಟೊ ಎಂಬ ದುಗ್ಧಗ್ರಂಥಿಯ ಕಾಯಿಲೆಯ ಪ್ರಬಂಧಗಳೂ ಬಂದು ತುಂಬಿಕೊಳ್ಳುತ್ತವೆ, ಅದಕ್ಕೂ ಅದೇ ಸಂಕ್ಷೇಪ. ಇನ್ನೊಂದು: ಪಬ್‌ಮೆಡ್‌ನ ಮೆಶ್ ವಿಷಯಸೂಚಿಯಲ್ಲಿ ಈ ರೋಗದ ಹೆಸರಿದೆ, ಅದು ನಿಖರವೂ ಹೌದು. ಆದರೆ ಪ್ರಬಂಧ ಪಬ್‌ಮೆಡ್‌ಗೆ ಬಂದ ಮೇಲೆ ಮೆಶ್ ಗುರುತು ಬೀಳಲು ಸಮಯ ಹಿಡಿಯುತ್ತದೆ, ಕೆಲವಕ್ಕೆ ಬೀಳುವುದೇ ಇಲ್ಲ. ಹೊಸದನ್ನು ತಿಳಿಯಲೆಂದೇ ಮಾಡಿದ ಫೀಡ್ ಹೊಸದನ್ನೇ ಬಿಟ್ಟರೆ ಏನು ಬಂತು? ಮೆಶ್ ಹೆಸರಿನ ಜೊತೆ ‘ಆರ್’ ಹಾಕಿ, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಕ್ಯಾಸನೂರು ಎಂಬ ಪದವನ್ನೂ ಸೇರಿಸಿ.

ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನದವರಿಗೆ, ಜರ್ನಲ್‌ಗೆ ಮೊದಲೇ ಪ್ರಬಂಧಗಳನ್ನು ಹಾಕುವ ಆರ್ಕೈವ್ ತಾಣವಿದೆ. ಅದರ ದಿನನಿತ್ಯದ ಫೀಡಿಗೆ ಒಂದು ವಿಚಿತ್ರ ಗುಣ: ಅದರಲ್ಲಿರುವುದು ಆ ದಿನದ ಪ್ರಕಟಣೆ ಮಾತ್ರ. ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಗೆ ಅದು ಬದಲಾಗುತ್ತದೆ, ಅಂದರೆ ನಮ್ಮಲ್ಲಿ ಬೆಳಗ್ಗೆ 9.30, ಅವರ ಚಳಿಗಾಲದಲ್ಲಿ 10.30. ಅಂದು ನಿಮ್ಮ ರೀಡರ್ ನೋಡದಿದ್ದರೆ ಆ ದಿನದ್ದು ಹೋದಂತೆ. ಶನಿವಾರ, ಭಾನುವಾರ ಖಾಲಿ ಕಂಡರೆ ಫೀಡ್ ಕೆಟ್ಟಿಲ್ಲ, ಅವರು ಅಂದು ಏನೂ ಪ್ರಕಟಿಸುವುದಿಲ್ಲ ಅಷ್ಟೇ. ಭಾಷಾ ಸಂಸ್ಕರಣೆಯಂಥ ಬಿಡುವಿಲ್ಲದ ವಿಭಾಗದಲ್ಲಿ ದಿನಕ್ಕೆ ನೂರರ ಮೇಲೆಯೂ ಬರುತ್ತದೆ. ಅದರಲ್ಲಿ ಹೊಸ ಪ್ರಬಂಧ, ಬೇರೆ ವಿಭಾಗದಿಂದ ಬಂದದ್ದು, ಹಳೆಯದರ ಹೊಸ ಆವೃತ್ತಿ ಎಲ್ಲವೂ ಬೆರೆತಿರುತ್ತವೆ. ಯಾವುದು ಯಾವ ಬಗೆ ಎಂದು ಪ್ರತಿಯೊಂದರಲ್ಲೂ ನಮೂದಿರುತ್ತದೆ. ಹಳೆಯದರ ಆವೃತ್ತಿಗಳನ್ನು ಸೋಸಿಬಿಟ್ಟರೆ ಹೊರೆ ಎಷ್ಟೋ ಇಳಿಯುತ್ತದೆ.

ಇಡೀ ವಿಭಾಗ ಬೇಡ, ಕನ್ನಡದ ಮೇಲಿನ ಪ್ರಬಂಧಗಳಷ್ಟೇ ಸಾಕು ಎನ್ನುವವರು ಆರ್ಕೈವ್‌ನ ಎಪಿಐ, ಅಂದರೆ ತಂತ್ರಾಂಶಗಳು ನೇರವಾಗಿ ಪ್ರಶ್ನೆ ಕೇಳುವ ದಾರಿ, ಬಳಸಬೇಕು. ಅದು ಕೊಡುವ ಉತ್ತರವೇ ಆಟಮ್ ರೂಪದಲ್ಲಿರುವುದರಿಂದ ಆ ವಿಳಾಸವನ್ನು ನೇರವಾಗಿ ರೀಡರ್‌ಗೆ ಹಾಕಬಹುದು. ವಿಳಾಸದಲ್ಲಿ ಹುಡುಕು ಪದದ ಜೊತೆಗೆ, ಸಲ್ಲಿಸಿದ ದಿನಾಂಕದ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸು ಎಂದು ಹೇಳಲೇಬೇಕು. ಹೇಳದಿದ್ದರೆ ಅದು ಪದಕ್ಕೆ ಹೆಚ್ಚು ಹೊಂದುವ 10 ಪ್ರಬಂಧ ಕೊಡುತ್ತದೆ, ಮುಂದಿನ ವರ್ಷವೂ ಹೆಚ್ಚುಕಡಿಮೆ ಅವೇ ಹತ್ತು. ಲೇಖಕರು ಪ್ರಬಂಧ ತಿದ್ದಿ ಎರಡನೇ ಆವೃತ್ತಿ ಹಾಕಿದರೆ ಗುರುತಿನ ಕೊನೆಯ ಆವೃತ್ತಿ ಸಂಖ್ಯೆ ಬದಲಾಗಿ ಅದೇ ಪ್ರಬಂಧ ಮತ್ತೆ ಹೊಸದೆಂದು ಕಾಣಿಸಿಕೊಳ್ಳುವುದುಂಟು; ಅದನ್ನು ತಡೆಯುವ ಗೋಜಿಗೆ ಹೋಗಬೇಡಿ.

ಜರ್ನಲ್‌ಗಳ ವಿಷಯಕ್ಕೆ ಬಂದರೆ, ದೊಡ್ಡ ಪ್ರಕಾಶಕರು ಎರಡು ಫೀಡ್ ಕೊಡುವುದುಂಟು: ಈ ಸಂಚಿಕೆಯದ್ದು, ಸಂಚಿಕೆಗೆ ಮೊದಲೇ ಆನ್‌ಲೈನ್ ಬಂದದ್ದರದ್ದು. ಎರಡನೆಯದನ್ನು ಆರಿಸಿ. ನಮ್ಮ ವಿಶ್ವವಿದ್ಯಾಲಯಗಳ, ಸಣ್ಣ ಸಂಸ್ಥೆಗಳ ಜರ್ನಲ್‌ಗಳು ಬಹಳಷ್ಟು ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶದಲ್ಲಿವೆ. ಅದರಲ್ಲಿ ಫೀಡ್ ಕೊಡುವ ಪ್ಲಗಿನ್ ಜೊತೆಯಲ್ಲೇ ಬರುತ್ತದೆ, ಆನ್ ಮಾಡಬೇಕು ಅಷ್ಟೇ. ಮುಖಪುಟದ ಪಕ್ಕದಲ್ಲಿ ಫೀಡ್ ಗುರುತು ಕಾಣದಿದ್ದರೆ ಸಂಪಾದಕರಿಗೆ ಎರಡು ಸಾಲಿನ ಮೇಲ್ ಬರೆಯಿರಿ. ಅವರ ಕಡೆಯಿಂದ ಅದು ಒಂದು ಟಿಕ್ ಹಾಕುವ ಕೆಲಸ.

ಪ್ರಬಂಧ, ಉಲ್ಲೇಖಗಳನ್ನು ಸಂಗ್ರಹಿಸಿಡುವ ಝೊಟೆರೊ ತಂತ್ರಾಂಶ ಬಳಸುವವರಿಗೆ ಬೇರೆ ರೀಡರ್ ಬೇಕೆಂದೇನೂ ಇಲ್ಲ. ಹೊಸ ಲೈಬ್ರರಿ ಸೇರಿಸುವ ಗುಂಡಿಯಲ್ಲಿಯೇ ಹೊಸ ಫೀಡ್ ಸೇರಿಸುವ ಆಯ್ಕೆ ಇದೆ. ಇಷ್ಟವಾದ ಪ್ರಬಂಧವನ್ನು ಒಂದೇ ಒತ್ತಿಗೆ ನಿಮ್ಮ ಸಂಗ್ರಹಕ್ಕೆ ಎಳೆದುಕೊಳ್ಳಬಹುದು, ಲೇಖಕರ ಹೆಸರು, ಡಿಒಐ ಎಂಬ ಗುರುತುಸಂಖ್ಯೆ ಸಮೇತ. ಆದರೆ ಓದಿದ, ಓದದ ಅಂಶಗಳನ್ನು ಎಷ್ಟು ದಿನದ ಮೇಲೆ ಅಳಿಸಬೇಕು ಎಂಬ ಸೆಟ್ಟಿಂಗ್ ನೋಡಿಕೊಳ್ಳಿ. ರಜೆ ಮುಗಿಸಿ ಬಂದಾಗ ಖಾಲಿ ಪಟ್ಟಿ ಸಿಗಬಾರದು. ಝೊಟೆರೊ ತೆರೆದಿರುವಾಗ ಮಾತ್ರ ನೋಡುತ್ತದೆ ಎಂಬುದೂ ನೆನಪಿರಲಿ. ಆರ್ಕೈವ್‌ನ ದಿನದ ಫೀಡಿಗೆ ಅದು ತಕ್ಕದ್ದಲ್ಲ.

ಸುದ್ದಿ, ಮತ್ತು ಕನ್ನಡದ ಸೋಸುಕ

ಸುದ್ದಿ ಬೇಕೇ ಬೇಕು ಎಂದರೆ ಮುಖಪುಟ ಬಿಟ್ಟು ವಿಭಾಗ ಹಿಡಿಯಿರಿ. ದಿ ಹಿಂದೂ ಪತ್ರಿಕೆ ಕರ್ನಾಟಕಕ್ಕೆ, ಬೆಂಗಳೂರಿಗೆ ಬೇರೆಬೇರೆ ಫೀಡ್ ಕೊಡುತ್ತದೆ. ಬ್ಯಾಂಕು, ಬಡ್ಡಿಯ ಸುದ್ದಿಗೆ ಪತ್ರಿಕೆಗಿಂತ ರಿಸರ್ವ್ ಬ್ಯಾಂಕಿನದೇ ಪ್ರಕಟಣೆಗಳ ಮತ್ತು ಅಧಿಸೂಚನೆಗಳ ಫೀಡ್ ವಾಸಿ, ಬಂದದ್ದು ಮೂಲದಿಂದಲೇ ಬರುತ್ತದೆ. ಒಂದು ವಿಷಯದ ಸುದ್ದಿ ಎಲ್ಲ ಪತ್ರಿಕೆಗಳಿಂದ ಬೇಕಿದ್ದರೆ ಗೂಗಲ್ ನ್ಯೂಸ್‌ನಲ್ಲಿ ಹುಡುಕಿ, ಬಂದ ವಿಳಾಸದಲ್ಲಿ ‘ಸರ್ಚ್’ ಎಂಬ ಪದದ ಮುಂಚೆ ‘ಆರ್‌ಎಸ್‌ಎಸ್’ ಮತ್ತು ಓರೆಗೆರೆ ಸೇರಿಸಿ. ಅದರ ಕೊಂಡಿಗಳು ಗೂಗಲ್ ಮೂಲಕವೇ ಹಾಯುವುದರಿಂದ ಪತ್ರಿಕೆಯ ವಿಳಾಸ ನೋಡಿ ಸೋಸುವುದು ಆಗುವುದಿಲ್ಲ. ಶೀರ್ಷಿಕೆಯ ಕೊನೆಯಲ್ಲಿರುವ ಪತ್ರಿಕೆಯ ಹೆಸರನ್ನು ಹಿಡಿಯಬೇಕು.

ಸೋಸುಕವೆಂದರೆ ಇಂಥ ಪದವಿದ್ದರೆ ತೋರಿಸು, ಇಂಥದ್ದಿದ್ದರೆ ಬಚ್ಚಿಡು ಎಂಬ ನಿಯಮ. ಇಂಗ್ಲಿಷಿಗೆ ಬರೆದ ಸಲಹೆಗಳು ಕನ್ನಡದಲ್ಲಿ ಕೈಕೊಡುವುದು ಇಲ್ಲಿಯೇ. ‘ಮೈಸೂರು’ ಎಂದು ಕೊಟ್ಟರೆ ‘ಮೈಸೂರಿನಲ್ಲಿ’, ‘ಮೈಸೂರಿಗೆ’ ಸಿಗುವುದಿಲ್ಲ, ಏಕೆಂದರೆ ಕೊನೆಯ ಉಕಾರ ಅಲ್ಲಿ ಇಕಾರವಾಗಿದೆ. ‘ಮೈಸೂರ’ ಎಂದು ಕೊಡಿ. ಯುನಿಕೋಡ್‌ನಲ್ಲಿ ಸ್ವರಚಿಹ್ನೆ ಬೇರೆ ಸಂಕೇತವಾದ್ದರಿಂದ ಮೂರೂ ಹಿಡಿಯುತ್ತದೆ. ‘ಪೂರ್ಣ ಪದ ಮಾತ್ರ’ ಎಂಬ ಆಯ್ಕೆಯನ್ನು ಆರಿಸಿರಲೇಬೇಡಿ. ಹಾಗೆಂದು ತೀರಾ ಮೊಟಕು ಮಾಡಿದರೆ ಬೇರೆ ಪೇಚು. ಕೆರೆಗಳ ಸುದ್ದಿಗೆಂದು ‘ಕೆರೆ’ ಕೊಟ್ಟರೆ ಚಳ್ಳಕೆರೆ, ತರೀಕೆರೆಯ ಪಂಚಾಯಿತಿ ಸುದ್ದಿಯೆಲ್ಲ ಬರುತ್ತದೆ. ದಾವಣಗೆರೆ ಮಾತ್ರ ಗಕಾರದ ದಯೆಯಿಂದ ತಪ್ಪಿಸಿಕೊಳ್ಳುತ್ತದೆ. ಆ ಊರುಗಳ ಹೆಸರನ್ನು ಹೊರಗಿಡುವ ಪಟ್ಟಿಗೆ ಹಾಕಿ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗದಂತೆ ನಡುವೆ ಶೂನ್ಯ ಅಗಲದ ಒಂದು ಸಂಕೇತ ಸೇರುತ್ತದೆ. ಒಂದು ಪತ್ರಿಕೆ ಅದನ್ನು ಹಾಕುತ್ತದೆ, ಇನ್ನೊಂದು ನಡುವೆ ಜಾಗ ಬಿಡುತ್ತದೆ, ಮತ್ತೊಂದು ಒತ್ತಕ್ಷರವನ್ನೇ ಬರೆಯುತ್ತದೆ. ‘ಪಿಎಚ್‌ಡಿ’ಗೂ ಇದೇ ಕಥೆ. ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ಇನ್ನೊಂದು ಬಗೆಯ ಅದೃಶ್ಯ ಸಂಕೇತವಿದೆ. ಓದುಗನಿಗೆ ಎಲ್ಲ ಒಂದೇ ಪದ, ಯಂತ್ರಕ್ಕೆ ಬೇರೆಬೇರೆ. ಇಂಥ ಪದ ಸೋಸುವಾಗ ಆ ಸಂಕೇತ ಬರುವ ಮೊದಲಿನ ತುಂಡನ್ನಷ್ಟೇ ಕೊಡಿ: ‘ಸಾಫ್ಟ್’. ರ‍್ಯಾಂಕ್‌ನಂಥದ್ದಕ್ಕೆ ಬೇರೆ ದಾರಿಯಿಲ್ಲ, ಎರಡು ಕಾಗುಣಿತವನ್ನೂ ‘ಅಥವಾ’ ಎಂದು ಜೋಡಿಸಿ.

ಕೆಟ್ಟಾಗ ಎಲ್ಲಿ ನೋಡಬೇಕು

ಫೀಡ್ ತೆಗೆದುಕೊಳ್ಳಲೇ ಇಲ್ಲವೆಂದರೆ ಮೊದಲು ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಫೀಡ್ ಪರೀಕ್ಷಕದಲ್ಲಿ ವಿಳಾಸ ಹಾಕಿ. ಹೆಚ್ಚಾಗಿ ಸಿಗುವ ತಪ್ಪು ಎರಡು. ಶೀರ್ಷಿಕೆಯಲ್ಲಿ ಆ್ಯಂಪರ್‌ಸ್ಯಾಂಡ್ ಚಿಹ್ನೆಯನ್ನು ಹಾಗೇ ಬರೆದಿರುವುದು ಒಂದು. ಎಕ್ಸ್‌ಎಂಎಲ್‌ನಲ್ಲಿ ಅದೊಂದೇ ಚಿಹ್ನೆ ಇಡೀ ಕಡತವನ್ನು ಕೆಡಿಸುತ್ತದೆ. ಕಡತದ ಮೊದಲ ಸಾಲಿಗೂ ಮುಂಚೆ ಒಂದು ಖಾಲಿ ಸಾಲಿರುವುದು ಇನ್ನೊಂದು. ವರ್ಡ್‌ಪ್ರೆಸ್ ಥೀಮಿನ ಕಡತ ತಿದ್ದಿದವರು ಕೊನೆಯಲ್ಲಿ ಎಂಟರ್ ಒತ್ತಿದ್ದರೆ ಹೀಗಾಗುತ್ತದೆ. ಎರಡನ್ನೂ ಸರಿಪಡಿಸಬೇಕಾದ್ದು ತಾಣದವರೇ.

ಫೋನಿನ ರೀಡರ್‌ನಲ್ಲಿ ಬರುವ ಫೀಡ್ ಸರ್ವರ್ ರೀಡರ್‌ನಲ್ಲಿ 403 (ಪ್ರವೇಶವಿಲ್ಲ) ಎಂದು ತೋರಿಸಿದರೆ, ಆ ತಾಣದ ಬಾಟ್ ತಡೆ ನಿಮ್ಮ ರೀಡರನ್ನು ದಾಳಿಕೋರನೆಂದು ಎಣಿಸಿದೆ. ಒಂದು ಫೀಡಿನ ಸುದ್ದಿ ಸದಾ ಪಟ್ಟಿಯ ಮೇಲುಗಡೆ, ಅದೂ ಇನ್ನೂ ಬಾರದ ಹೊತ್ತಿನ ಗುರುತು ಹೊತ್ತು ಕೂತಿದ್ದರೆ ಸಮಯವಲಯ ನೋಡಿ. ಆರ್‌ಎಸ್‌ಎಸ್‌ನಲ್ಲಿ ಭಾರತದ ಸಮಯವನ್ನು ಕೂಡು ಚಿಹ್ನೆಯೊಡನೆ 0530 ಎಂದು ಬರೆಯಬೇಕು. ಕೆಲವು ತಾಣಗಳು ‘ಐಎಸ್‌ಟಿ’ ಎಂದು ಅಕ್ಷರದಲ್ಲಿ ಬರೆಯುತ್ತವೆ. ಆ ಅಕ್ಷರಗಳು ಮಾನದಂಡದಲ್ಲಿಲ್ಲ, ಹಾಗಾಗಿ ಅನೇಕ ರೀಡರ್‌ಗಳು ಅದನ್ನು ಗ್ರೀನಿಚ್ ಸಮಯವೆಂದೇ ಹಿಡಿಯುತ್ತವೆ. ಬೆಳಗ್ಗೆ 10ರ ಸುದ್ದಿ ಮಧ್ಯಾಹ್ನ 3.30ರದ್ದಾಗುತ್ತದೆ. ಒಮ್ಮೆಲೇ ಹಳೆಯ ಹತ್ತಿಪ್ಪತ್ತು ಬರಹಗಳು ಹೊಸದಾಗಿ ಬಂದರೆ ತಾಣದವರು ವಿಳಾಸ ಬದಲಿಸಿದ್ದಾರೆ ಎಂದರ್ಥ. ಓದಿದ್ದೆಂದು ಗುರುತು ಹಾಕಿ ಮುಂದೆ ಹೋಗಿ.

ಎಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದ ಸಾವು. ತಾಣ ಹೊಸ ವಿನ್ಯಾಸಕ್ಕೆ ಹೋದಾಗ ಹಳೆಯ ಫೀಡ್ ವಿಳಾಸ ಹಾಗೇ ಉಳಿದು, ಹೊಸ ಬರಹ ಮಾತ್ರ ಸೇರದೆ ನಿಲ್ಲುತ್ತದೆ. ಯಾವ ದೋಷವೂ ಕಾಣುವುದಿಲ್ಲ. ಅಪರೂಪದ ಮೂಲಗಳನ್ನೇ ಹೆಚ್ಚಾಗಿ ಇಟ್ಟುಕೊಂಡವರಿಗೆ ಇದು ಗೊತ್ತಾಗುವುದು ತಡ. ಫ್ರೆಶ್‌ಆರ್‌ಎಸ್‌ಎಸ್‌ನ ಅಂಕಿಅಂಶ ಪುಟದಲ್ಲಿ ನಿಷ್ಕ್ರಿಯ ಫೀಡುಗಳ ಪಟ್ಟಿಯೇ ಇದೆ. ಮೂರು ತಿಂಗಳಿಗೊಮ್ಮೆ ಅದನ್ನು ನೋಡಿ, ಆರು ತಿಂಗಳಿನಿಂದ ಸುಮ್ಮನಿರುವವರ ತಾಣಕ್ಕೆ ಒಮ್ಮೆ ಹೋಗಿ ಬನ್ನಿ.

ಫೀಡೇ ಇಲ್ಲದ ಪುಟಗಳೂ ಬಹಳ. ಸರ್ಕಾರಿ ಇಲಾಖೆಗಳ ಸುತ್ತೋಲೆ ಪುಟ ಎಂದರೆ ಸಾಕು. ಅಂಥದ್ದಕ್ಕೆ ಪುಟದ ಬದಲಾವಣೆ ಗಮನಿಸಿ ಫೀಡ್ ಕೊಡುವ ಚೇಂಜ್‌ಡಿಟೆಕ್ಷನ್‌ನಂಥ ಉಪಕರಣ ಹಾಕಬಹುದು. ಇಡೀ ಪುಟ ಗಮನಿಸು ಎನ್ನಬೇಡಿ: ಮೂಲೆಯಲ್ಲಿರುವ ಸಂದರ್ಶಕರ ಲೆಕ್ಕ ಬದಲಾದರೂ ‘ಹೊಸದು ಬಂತು’ ಎನ್ನುತ್ತದೆ. ಸುತ್ತೋಲೆಗಳ ಕೋಷ್ಟಕವನ್ನಷ್ಟೇ ಆರಿಸಿ. ಇಮೇಲ್‌ನಲ್ಲಿ ಮಾತ್ರ ಬರುವ ಪತ್ರಗಳನ್ನು ಕಿಲ್ ದಿ ನ್ಯೂಸ್‌ಲೆಟರ್ ಎಂಬ ಸೇವೆ ಆಟಮ್ ಆಗಿಸುತ್ತದೆ.

ಓದುವ ಕ್ರಮದ ಬಗ್ಗೆ ಒಂದೇ ಸಲಹೆ: ಕಡತಕೋಶಗಳನ್ನು ವಿಷಯದ ಮೇಲೆ ಮಾಡಬೇಡಿ, ತುರ್ತಿನ ಮೇಲೆ ಮಾಡಿ. ಒಂದೂ ಬಿಡಬಾರದ್ದು ಒಂದು, ವಾರಕ್ಕೊಮ್ಮೆ ಸಾಕಾದ್ದು ಇನ್ನೊಂದು, ಮೂರನೆಯದು ಹೊಳೆ. ಸುದ್ದಿ ಫೀಡುಗಳೆಲ್ಲ ಹೊಳೆಗೆ. ಹೊತ್ತಿದ್ದರೆ ದಡದಲ್ಲಿ ನಿಂತು ನೋಡಿ, ಇಲ್ಲವಾದರೆ ಎರಡು ದಿನ ಕಳೆದದ್ದನ್ನು ತಾನಾಗಿ ಓದಿದ್ದೆಂದು ಗುರುತಿಸುವ ಸೆಟ್ಟಿಂಗ್ ಹಾಕಿಬಿಡಿ.

ಇಷ್ಟೆಲ್ಲ ಜೋಡಿಸಿದ ಮೇಲೆ ರೀಡರ್‌ನ ಸೆಟ್ಟಿಂಗ್‌ನಿಂದ ಒಪಿಎಂಎಲ್ ಕಡತ ಇಳಿಸಿಟ್ಟುಕೊಳ್ಳಿ. ಅದು ನಿಮ್ಮ ಫೀಡುಗಳ ಪಟ್ಟಿ. ಬೇರೆ ಯಾವ ರೀಡರ್‌ಗೆ ಹೋದರೂ ಒಂದೇ ಸಲಕ್ಕೆ ಏರಿಸಬಹುದು, ವಿಭಾಗದ ಹೊಸ ಸಂಶೋಧನಾ ವಿದ್ಯಾರ್ಥಿಗೂ ಕೊಡಬಹುದು. ಅದರಲ್ಲಿ ಸಾಮಾನ್ಯವಾಗಿ ಬರುವುದು ವಿಳಾಸ ಮತ್ತು ಕಡತಕೋಶ ಮಾತ್ರ. ನಕ್ಷತ್ರ ಹಾಕಿಟ್ಟ ಬರಹಗಳು, ಓದಿದ ಗುರುತು, ಕಷ್ಟಪಟ್ಟು ಕಟ್ಟಿದ ಸೋಸುಕಗಳು ಬರುವುದಿಲ್ಲ. ಸೋಸುಕದ ಪದಗಳನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆದು ಒಪಿಎಂಎಲ್ ಜೊತೆಗೇ ಇಡಿ.